ಮೆಣಸಿನಕಾಯಿ ಕೈ

ಮಾಲತೇಶ, ಫೋನು ಚಾರ್ಜಿಗಿ ಹಾಕೀನಿ, ಅಲ್ಲೇ ಗೂಡಿನ್ಯಾಗೈತಿ.
ಕಸಗೊಂಡಿಲ್ಲ. ಒಡದಿಲ್ಲ. ನಿಮ್ಮಪ್ಪಗ ಹೇಳಿಲ್ಲ.
ನಿನ್ನಿ ರಾತ್ರಿ ಟೈಮ್ ನೋಡಾಕಂತ ಎತ್ತಿದ್ದೆ,
ನೋಡಿದ್ದು ಬ್ಯಾರೆ.

ಕುಂದರ ಇಲ್ಲೆ. ಈ ಚೀಲದ ತೊಟ್ಟು ಮುರಿ.
ಕೈ ಕೆಲಸದಾಗಿದ್ರ ಮಾರಿ ನೋಡೂದು ತಪ್ಪತೈತಿ,
ನಿನಗೂ, ನನಗೂ.

ಈ ಮಾತಿಗೆ ನನ್ನ ಹತ್ರ ಶಬ್ದಿಲ್ಲ.
ನಮ್ಮವ್ವ ನನಗ ಹೇಳಲಿಲ್ಲ, ಅವರವ್ವ ಅಕಿಗೆ ಹೇಳಲಿಲ್ಲ,
ಬೈಗಳದಾಗ ಅಷ್ಟ ಇದ್ದಾವು ಆ ಶಬ್ದ.
ನಿಮ್ಮ ಕಾಲೇಜಿನ್ಯಾಗ ಆ ಪಾಠ ಬಂದಾಗ
ಸರ್ "ಮನ್ಯಾಗ ಓದ್ಕೋರಿ" ಅಂದ್ರಂತ, ನೀನ ಹೇಳಿ ನಕ್ಕಿದ್ದಿ.
ಮನ್ಯಾಗ ಯಾರು ಓದಿಸಬೇಕು? ನಾನಾ?
ಐದನೇತ್ತಾ ಪಾಸಾದಾಕಿ, ಮೆಣಸಿನಕಾಯಿ ಬಿಟ್ರ ಬ್ಯಾರೆ ಗೊತ್ತಿಲ್ಲ.
ಹಂಗಾರ ಮೆಣಸಿನಕಾಯಿದ ಹೇಳತೀನಿ.

ನಮ್ಮ ಬ್ಯಾಡಗಿ ಕಾಯಿ ಕೆಂಪ ಬಾಳ, ಖಾರ ಕಮ್ಮಿ,
ನಿರಿಗಿ ನಿರಿಗಿ ಇರತೈತಿ, ಮುದುಕಿ ಕೈಯಿನ ಹಂಗ.
ಕೋಲ್ಡ್ ಸ್ಟೋರೇಜಿನ್ಯಾಗ ಎರಡು ವರ್ಷ ಬಿದ್ದು ಬಣ್ಣಗೆಟ್ಟ ಕಾಯಿಗೆ
ಕಳ್ಳ ವ್ಯಾಪಾರದವರು ಬಣ್ಣ ಹೊಡೀತಾರ.
ದೂರಿಂದ ನೋಡಿದ್ರ ಖರೇದಕ್ಕಿಂತ ಅದ ಚಂದ.
ನೀರಾಗ ಹಾಕು: ನೀರ ಕೆಂಪ, ಕಾಯಿ ಬೆಳ್ಳಗ.
ನೀ ನೋಡೂದು ಆ ಕಾಯಿ.
ಲೈಟು ಹಚ್ಚಿ, ಕತ್ತರಿಸಿ, ಜೋಡಿಸಿ, ರೊಕ್ಕಕ್ಕ ಮಾಡಿದ್ದು.
ಹಂಗ ಯಾರೂ ಇರಂಗಿಲ್ಲ. ಹಂಗ ಯಾವ ಹೆಣಮಗಳೂ...
ಇರ್ಲಿ. ಮುರಿ. ಸಣ್ಣ ಕಾಯಿ ಬ್ಯಾರೆ ಹಾಕು.

ಮಾರ್ಕೆಟ್ಟಿನ ಅಂಗಳದಾಗ ಪ್ರತಿ ಚೀಲಕ್ಕ ಚೀಟಿ ಇರತೈತಿ,
ರೈತನ ಹೆಸರು, ಊರು, ಲಾಟ್ ನಂಬರ್.
ಚೀಟಿ ಇಲ್ಲದ ಚೀಲ ಹಮಾಲ್ರು ಮುಟ್ಟಂಗಿಲ್ಲ,
ಕಳುವಿನದಿರಬೇಕು ಅಂತಾರ.
ಆ ಫೋನಿನ್ಯಾಗಿನ ಹೆಣಮಗಳ ಚೀಟಿ ಎಲ್ಲೈತಿ?
ತಾನ ಬಂದ್ಲೋ, ಯಾರರ ತಂದ್ರೋ,
ನಿನಗ ಗೊತ್ತಾ? ನನಗೂ ಗೊತ್ತಿಲ್ಲ.
ಹಮಾಲ ಕೇಳೂವಷ್ಟರ ಕೇಳು.

ಮತ್ತ ಇನ್ನೊಂದು.
ಮೊದಲನೇ ಸುಗ್ಗ್ಯಾಗ ಗೋದಾಮಿಗೆ ಕಾಲಿಟ್ಟಾಗ
ಸೀನಿ ಸೀನಿ ಮೂಗಿನ್ಯಾಗ ರಕ್ತ ಬಂದಿತ್ತು ನನಗ.
ಮೂರನೇ ವರ್ಷಕ್ಕ ಒಂದ ಸೀನೂ ಇಲ್ಲ.
ಶಾಣ್ಯಾಕಿ ಆದೆ ಅಂದ್ಕೊಂಡೆ.
ಈಗ ಮಲ್ಲಿಗಿ ಮೂಗಿಗೆ ಹಿಡದ್ರೂ ವಾಸನಿ ಬರಂಗಿಲ್ಲ,
ಸಾರಿಗೆ ಖಾರ ಸಾಲದಂತ ಮತ್ತೊಂದು ಚಮಚ, ಮ್ಯಾಲ ಮತ್ತೊಂದು.
ಮೌಲಾಬಿಗೂ ಹಂಗ, ಹಾಲೂ ಸಪ್ಪ ಹತ್ತತೈತಂತ.
ನಾ ಸಾರಿನ ಮಾತಾಡಾಕತ್ತಿಲ್ಲ.

ನಿಮ್ಮಪ್ಪ... ಇದು ಹೇಳಬಾರದು, ಹೇಳತೀನಿ.
ಮದುವ್ಯಾದ ಹೊಸದಾಗ ದಿನಾ ಸಂಜಿ
ಗುಡ್ಡಪ್ಪ ಹಮಾಲ ಮನಿಗೆ ಬಂದಾವ
ಮೊದಲ ಕೈಗೆ ಕೊಬ್ಬರಿಎಣ್ಣಿ ಹಚ್ಚಿ ತಿಕ್ಕತಿದ್ದ,
ಆಮ್ಯಾಲ ಮಜ್ಜಿಗಿ, ಆಮ್ಯಾಲ ಕಡ್ಲಿಹಿಟ್ಟು,
ಉಗುರಿನ ಸಂದಿ ಸಂದಿ, ಒಂದ ತಾಸು.
"ಯಾಕಿಷ್ಟ ತೊಳೀತೀರಿ" ಅಂದೆ.
"ನಿನಗ ಉರೀಬಾರದಲ್ಲ" ಅಂದ, ನೆಲಾ ನೋಡಕೋತ.
ಹದಿನೈದು ದಿನ ಬರೇ ತೊಳದಾ. ನಾ ಹೂಂ ಅನ್ನೂತನಕ.
ಊರೆಲ್ಲಾ ಬೈಯೂ ಬಾಯಿ ಅವಂದು, ನೀ ಕಂಡೀಯಲ್ಲ!
ಆ ಕೈ ತೊಳಕೊಳ್ಳೂದು ನಿನ್ನ ಫೋನಿನ್ಯಾಗ ತೋರಸ್ತಾರೇನು?
"ಒಲ್ಲೆ" ಅಂದ್ರ ನಿಂದ್ರೂದು?

ತಪ್ಪ ಮಾಡಿದಿ ಅಂತ ಕುಂದರಿಸಿಲ್ಲ.
ಹದಿನೇಳಕ್ಕ ಮೈ ಪ್ರಶ್ನಿ ಕೇಳತೈತಿ, ಅದಕ್ಕ ನಾಚಬ್ಯಾಡ.
ಆದ್ರ ಉತ್ತರಾ ಯಾರ ಹತ್ರ ಕಲೀತಿ ಅನ್ನೂದ ಐತಲ್ಲ...

ಮುಂದ ಮಾತ ಬರಲಿಲ್ಲ ನನಗ.
ಹೊರಗ ಲಾರಿಯೊಂದು ಹಾರ್ನ್ ಹೊಡದು ಹೋತು, ನಾಳೆ ಟೆಂಡರ್.
ಅವನೂ ಏನೂ ಅನಲಿಲ್ಲ. ಅರ್ಧ ಚೀಲ ಮುರದಾ.
ಒಮ್ಮೆ ಕಣ್ಣು ತಿಕ್ಕಾಕ ಎತ್ತಿದ ಕೈ
ನಡುವ ನಿಂದ್ರಿಸಿ
ತೋಳಿನ್ಲೆ ಒರಸಕೊಂಡ.

"ರೊಟ್ಟಿ ಬಡೀಲೇನು?"
"ಎಣ್ಣಿ ಎಲ್ಲೈತಿ ಬೇ?"
"ಗೂಡಿನ್ಯಾಗ. ಫೋನಿನ ಬಾಜೂಕ."